ಸಿಮಿಯನ್ ಸಾಲೊಮನ್ ಪ್ರಕರಣ: ಚಿತ್ರ ಬೇಕು, ಹೆಸರು ಬೇಡ

1876ರ ಡಿಸೆಂಬರ್‌ನಲ್ಲಿ ಆಕ್ಸ್‌ಫರ್ಡ್‌ನ ವಿಮರ್ಶಕ ವಾಲ್ಟರ್ ಪೇಟರ್ ಗ್ರೀಕರ ದ್ರಾಕ್ಷಾರಸದ ದೇವತೆ ಡಯೊನೈಸಸ್ ಕುರಿತು ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲಿ ಅವನು ಲಂಡನ್‌ನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಪ್ರದರ್ಶನವೊಂದರಲ್ಲಿ ತಾನು ಹಿಂದೆ ಕಂಡಿದ್ದ ಬಾಕಸ್‌ನ (ಡಯೊನೈಸಸ್‌ನ ಇನ್ನೊಂದು ಹೆಸರು) ಚಿತ್ರವನ್ನು ನೆನೆದು ಮನಸಾರೆ ಹೊಗಳುತ್ತಾನೆ. ಅತಿ ಸಿಹಿಯಾದದ್ದರ ಒಳಗೇ ಇರುವ ಕಹಿಯನ್ನು ಆ ಚಿತ್ರ ಹಿಡಿದಿದೆ ಎಂಬುದು ಅವನ ಮಾತಿನ ಸಾರ. ಬರೆದವನು ಯಾರು? ‘ಒಬ್ಬ ಯುವ ಹೀಬ್ರೂ ಚಿತ್ರಕಾರ’. ಅಷ್ಟೇ, ಹೆಸರಿಲ್ಲ.

ಹೆಸರು ಗೊತ್ತಿಲ್ಲದೆ ಬಿಟ್ಟದ್ದಲ್ಲ. ನಾಲ್ಕೇ ವರ್ಷಗಳ ಹಿಂದೆ, 1872ರಲ್ಲಿ, ಅದೇ ಚಿತ್ರಕಾರ ಪೇಟರ್‌ನನ್ನು ಎದುರಿಗೆ ಕೂರಿಸಿಕೊಂಡು ಅವನ ಭಾವಚಿತ್ರ ಬಿಡಿಸಿದ್ದ. ಅವನ ಹೆಸರು ಸಿಮಿಯನ್ ಸಾಲೊಮನ್. ಈ ಎರಡು ವರ್ಷಗಳ ನಡುವೆ, 1873ರ ಫೆಬ್ರವರಿಯಲ್ಲಿ, ನಡೆದ ಒಂದು ಬಂಧನ ಆ ಹೆಸರನ್ನು ಬಾಯಲ್ಲಿ ಹೇಳಬಾರದ್ದನ್ನಾಗಿ ಮಾಡಿತ್ತು.

ಸಾಲೊಮನ್‌ನ ಬದುಕನ್ನು ಇಂಗ್ಲಿಷ್ ಕಲಾ ಇತಿಹಾಸ ಬಹುಕಾಲ ಒಂದೇ ರಾಗದಲ್ಲಿ ಹಾಡುತ್ತ ಬಂತು: ಅಪಾರ ಪ್ರತಿಭೆ, ನಂತರ ಕಳಂಕ, ನಂತರ ಕುಡಿತ, ಕೊನೆಗೆ ಭಿಕ್ಷೆ. ಈ ಕಥೆಯಲ್ಲಿ 1873ಕ್ಕೆ ಚಿತ್ರಕಾರ ಮುಗಿದುಹೋಗುತ್ತಾನೆ; ಮುಂದಿನ ಮೂವತ್ತೆರಡು ವರ್ಷ ಬರಿಯ ಅವಶೇಷ. ಅವನ ಚಿತ್ರಗಳನ್ನು ವರ್ಷವಾರು ಜೋಡಿಸಿ ನೋಡಿದರೆ ಈ ಕಥೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಮುಗಿದದ್ದು ಅವನ ಸಮಾಜ, ಅವನ ಕೆಲಸವಲ್ಲ.

ಸಿಮಿಯನ್ ಹುಟ್ಟಿದ್ದು 1840ರ ಅಕ್ಟೋಬರ್ 9ರಂದು, ಲಂಡನ್‌ನ ಬಿಷಪ್ಸ್‌ಗೇಟ್‌ನಲ್ಲಿ. ಎಂಟು ಮಕ್ಕಳಲ್ಲಿ ಕೊನೆಯವನು. ತಂದೆ ಮೈಕೆಲ್ ಹುಲ್ಲಿನ ಟೋಪಿಗಳ ವ್ಯಾಪಾರಿ, ಅನುಕೂಲಸ್ಥ ಯಹೂದಿ. ಮನೆಯಲ್ಲಿ ಆಗಲೇ ಇಬ್ಬರು ಚಿತ್ರಕಾರರಿದ್ದರು: ಅಣ್ಣ ಏಬ್ರಹಾಂ ಮತ್ತು ಅಕ್ಕ ರೆಬೆಕಾ. ಏಬ್ರಹಾಂನ ‘ತೀರ್ಪಿಗಾಗಿ ಕಾಯುತ್ತ’ ಎಂಬ 1857ರ ಚಿತ್ರ, ನ್ಯಾಯಾಲಯದ ಬಾಗಿಲಾಚೆ ಜೀವ ಕೈಯಲ್ಲಿ ಹಿಡಿದು ಕುಳಿತ ಕುಟುಂಬವನ್ನು ತೋರಿಸುತ್ತದೆ. ಆ ಕಾಲಕ್ಕೆ ಮನೆಮಾತಾಗಿತ್ತು. ಕಿರಿಯವನಿಗೆ ಬಣ್ಣದ ಪಾಠ ಮನೆಯಿಂದಲೇ ಶುರುವಾಯಿತು. ಹದಿನೈದರ ಆಸುಪಾಸಿನಲ್ಲಿ ರಾಯಲ್ ಅಕಾಡೆಮಿಯ ಶಾಲೆ ಸೇರಿದ. 1858ರಲ್ಲಿ, ಇನ್ನೂ ಹದಿನೇಳು ತುಂಬಿರುವಾಗ, ಅಕಾಡೆಮಿಯ ಪ್ರದರ್ಶನದಲ್ಲಿ ಅವನ ಮೊದಲ ಚಿತ್ರ ತೂಗಿತು. ಯಹೂದಿ ಬ್ಯಾಂಕರ್ ಲಯೊನೆಲ್ ರಾತ್ಸ್‌ಚೈಲ್ಡ್‌ಗೆ ತನ್ನ ಧರ್ಮದ ಪ್ರಕಾರವೇ ಪ್ರಮಾಣ ಮಾಡಿ ಬ್ರಿಟಿಷ್ ಸಂಸತ್ತಿನಲ್ಲಿ ಕೂರಲು ಅವಕಾಶ ಸಿಕ್ಕಿದ್ದೂ ಅದೇ ವರ್ಷ. ಒಬ್ಬ ಯಹೂದಿ ಹುಡುಗ ತನ್ನವರ ಕಥೆಗಳನ್ನು ಹಿಡಿದುಕೊಂಡು ಇಂಗ್ಲಿಷ್ ಕಲೆಯ ನಡುಮನೆಗೆ ಕಾಲಿಟ್ಟದ್ದು ಎಂಥ ಹೊತ್ತಿನಲ್ಲಿ ಎಂಬುದಕ್ಕೆ ಇದಿಷ್ಟು ಸಾಕು.

1860ರಲ್ಲಿ ಬಂದ ‘ಮೋಶೆಯ ತಾಯಿ’ ಎಂಬ ತೈಲವರ್ಣದ ಮುಂದೆ ಸ್ವಲ್ಪ ನಿಲ್ಲಬೇಕು. ಈಗ ಅದು ಅಮೆರಿಕದ ಡೆಲವೇರ್ ಕಲಾ ಸಂಗ್ರಹಾಲಯದಲ್ಲಿದೆ. ಕಥೆ ಬೈಬಲ್‌ನದು: ಗಂಡು ಕೂಸುಗಳನ್ನೆಲ್ಲ ಕೊಲ್ಲಿ ಎಂದು ಫರೋ ಆಜ್ಞೆ ಮಾಡಿದ್ದಾನೆ, ತಾಯಿ ತನ್ನ ಮಗುವನ್ನು ಬುಟ್ಟಿಯಲ್ಲಿಟ್ಟು ನದಿಗೆ ಬಿಡಬೇಕಾಗಿದೆ. ಸಾಲೊಮನ್ ನದಿಯನ್ನು ತೋರಿಸಲು ಹೋಗುವುದಿಲ್ಲ. ಅದಕ್ಕೆ ಮೊದಲಿನ ಗಳಿಗೆಯನ್ನು ಆರಿಸುತ್ತಾನೆ. ತಾಯಿ ನಿಂತಿದ್ದಾಳೆ, ಮಗು ತೋಳಿನಲ್ಲಿದೆ, ಪಕ್ಕದಲ್ಲಿ ಮಗಳು ಮಿರ್ಯಾಮ್ ಬುಟ್ಟಿ ಹಿಡಿದು ತಮ್ಮನ ಮುಖ ನೋಡುತ್ತಿದ್ದಾಳೆ. ಅಳು, ಗೋಳು ಏನೂ ಇಲ್ಲ. ಇಬ್ಬರ ನೋಟವೂ ಮಗುವಿನ ಮೇಲೆ. ತಾಯಿ ಮಗಳಿಬ್ಬರಿಗೂ ರೂಪದರ್ಶಿ ಒಬ್ಬಳೇ, ಫ್ಯಾನಿ ಈಟನ್. ಜಮೈಕಾದಲ್ಲಿ ಹುಟ್ಟಿ ಲಂಡನ್‌ಗೆ ಬಂದಿದ್ದ ಕಪ್ಪು ಮೈಬಣ್ಣದ ದುಡಿಯುವ ಹೆಣ್ಣುಮಗಳು. ಬೈಬಲ್ ತಾಯಂದಿರನ್ನೆಲ್ಲ ಕೆಂಪುಗೆನ್ನೆಯ ಇಂಗ್ಲಿಷ್ ಹುಡುಗಿಯರಂತೆ ಬರೆಯುವುದೇ ವಾಡಿಕೆಯಾಗಿದ್ದ ಕಾಲ ಅದು. ಇಪ್ಪತ್ತೂ ತುಂಬದ ಒಬ್ಬ ಹುಡುಗ ಆ ವಾಡಿಕೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದ್ದಾನೆ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಈ ಚಿತ್ರದಿಂದ.

1860ರ ದಶಕವಿಡೀ ಅವನದು ಏರುಮುಖ. ಚಿತ್ರಕಾರರಾದ ರೊಸೆಟ್ಟಿ, ಬರ್ನ್-ಜೋನ್ಸ್, ಕವಿ ಸ್ವಿನ್‌ಬರ್ನ್ ಎಲ್ಲರೂ ಅವನನ್ನು ತಮ್ಮವನೆಂದು ಕೂರಿಸಿಕೊಂಡರು. ನಮ್ಮೆಲ್ಲರಿಗಿಂತ ದೊಡ್ಡ ಕಲಾವಿದ ಇವನು ಎಂದು ಬರ್ನ್-ಜೋನ್ಸ್ ಹೇಳಿದ್ದಾಗಿ ಪ್ರತೀತಿ. ಜನಪ್ರಿಯ ಸಚಿತ್ರ ಪತ್ರಿಕೆಗಳಿಗೆ ಸಾಲೊಮನ್ ಯಹೂದಿ ಮನೆಗಳ ಆಚರಣೆಗಳನ್ನು ಬಿಡಿಸಿಕೊಟ್ಟ: ಸಬ್ಬತ್ ಸಂಜೆಯ ದೀಪ, ಮದುವೆ, ಪಾಸ್ಕ ಹಬ್ಬದ ಊಟ. ಅವು ನಮ್ಮ ಪತ್ರಿಕೆಗಳ ದೀಪಾವಳಿ ವಿಶೇಷಾಂಕದ ಚಿತ್ರಗಳ ಹಾಗೆ ಬರಿಯ ಸಂಭ್ರಮದವಲ್ಲ. ಒಳಗಿನವನು ಕಂಡ ಮನೆ, ಅದರ ಕತ್ತಲೆ ಬೆಳಕು ಎರಡೂ ಅಲ್ಲಿವೆ. ಮ್ಯಾಂಚೆಸ್ಟರ್‌ನ ವಿಟ್‌ವರ್ತ್ ಗ್ಯಾಲರಿಯಲ್ಲಿರುವ 1867ರ ಜಲವರ್ಣದಲ್ಲಿ ಒಬ್ಬ ಯುವಕ ಧರ್ಮಗ್ರಂಥದ ಸುರುಳಿಯನ್ನು ಎದೆಗೆ ಅವಚಿಕೊಂಡಿದ್ದಾನೆ. ಕೂಸನ್ನು ಎತ್ತಿಕೊಂಡವರ ಹಾಗೆ ಹಿಡಿದಿದ್ದಾನೆ. ಭಕ್ತಿಯನ್ನು ಇಷ್ಟು ಹತ್ತಿರದ ಪ್ರೀತಿಯಾಗಿ ಬರೆದವರು ಆ ಕಾಲದ ಇಂಗ್ಲೆಂಡಿನಲ್ಲಿ ನನಗೆ ಬೇರೆ ಯಾರೂ ಕಂಡಿಲ್ಲ.

ಇದೇ ದಶಕದಲ್ಲಿ ಇನ್ನೊಂದು ಎಳೆಯೂ ಬೆಳೆಯಿತು. 1864ರ ಒಂದು ಪುಟ್ಟ ಜಲವರ್ಣ, 33 ಸೆಂಟಿಮೀಟರ್ ಎತ್ತರ, 38 ಅಗಲ. ಈಗ ಲಂಡನ್‌ನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಪ್ರಾಚೀನ ಗ್ರೀಸಿನ ಕವಯಿತ್ರಿ ಸ್ಯಾಫೊ ತೋಟದ ಬೆಂಚಿನ ಮೇಲೆ ಎರಿನಾ ಎಂಬ ಇನ್ನೊಬ್ಬ ಕವಯಿತ್ರಿಯನ್ನು ಅಪ್ಪಿಕೊಂಡಿದ್ದಾಳೆ. ಮೇಲೆ ಪಾರಿವಾಳಗಳು, ಪಕ್ಕದಲ್ಲಿ ಜಿಂಕೆಮರಿ. ಸ್ಯಾಫೊಳ ಕಣ್ಣು ಮುಚ್ಚಿವೆ, ಕುತ್ತಿಗೆ ಮುಂದಕ್ಕೆ ಬಾಗಿದೆ. ತಡೆದುಕೊಳ್ಳಲಾರದ ಆಸೆ ಅವಳ ಇಡೀ ಮೈಯಲ್ಲಿದೆ. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಬಯಸುವುದು ಸಾಲೊಮನ್ ಚಿತ್ರಗಳಲ್ಲಿ ಮರೆಯಲ್ಲಿ ಅಡಗಿದ ಸಂಕೇತವಲ್ಲ, ಅದೇ ವಿಷಯ. ಅವನ ಬಾಕಸ್, ಅವನ ಪ್ರೇಮದೇವತೆ, ಅವನ ದೇವದೂತರು ಎಲ್ಲರೂ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದು ಚೆಲುವಿನಲ್ಲಿ ಮಂಕಾಗಿ ನಿಂತಿರುತ್ತಾರೆ.

ಗುಸುಗುಸು ಶುರುವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1871ರಲ್ಲಿ ಸಾಲೊಮನ್ ಪ್ರೇಮವನ್ನು ಕುರಿತ ಒಂದು ಗದ್ಯಕಾವ್ಯ ಪ್ರಕಟಿಸಿದ. ನಗ್ನ ಆತ್ಮವೊಂದರ ಜೊತೆ ಕನಸಿನಲ್ಲಿ ನಡೆಯುತ್ತ ಹೋಗುವ ಬರಹ. ಸ್ವಿನ್‌ಬರ್ನ್ ಅದನ್ನೂ ಚಿತ್ರಗಳನ್ನೂ ಮೆಚ್ಚಿ ಉದ್ದನೆಯ ಲೇಖನ ಬರೆದ. ಆ ಮೆಚ್ಚುಗೆಯ ಧಾಟಿಯೇ ಎಷ್ಟು ಬಿಸಿಯಾಗಿತ್ತೆಂದರೆ, ಇದರಿಂದ ತನಗೆ ಕೇಡಾದೀತೆಂಬ ಆತಂಕ ಸ್ವತಃ ಸಾಲೊಮನ್‌ಗೆ ಹುಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಬರ್ಟ್ ಬ್ಯೂಕನನ್ ಎಂಬ ವಿಮರ್ಶಕ ಸುಳ್ಳು ಹೆಸರಿನಲ್ಲಿ ರೊಸೆಟ್ಟಿಯ ಬಳಗದ ಮೇಲೆ ಹರಿಹಾಯ್ದ. ಸಾಲೊಮನ್‌ನನ್ನೂ ಬಿಡದೆ, ನಿಜವಾದ ಪ್ರತಿಭೆಯನ್ನು ಕೆಲಸಕ್ಕೆ ಬಾರದ ವಸ್ತುಗಳಿಗೆ ಸುರಿದು ರಾಕ್ಷಸಾಕೃತಿಗಳನ್ನು ಹುಟ್ಟಿಸುತ್ತಿದ್ದಾನೆ ಎಂದು ಜರೆದ. ಹೀಗಾಗಿ ಬಂಧನ ಎಂಬುದು ತಿಳಿಯಾದ ಆಕಾಶದಿಂದ ಬಿದ್ದ ಸಿಡಿಲಲ್ಲ. ಚಿತ್ರಗಳ ಮೇಲೆ ಆಗಲೇ ಆಪಾದನೆ ಹೊರಿಸಿ ಆಗಿತ್ತು. ಮನುಷ್ಯನ ಮೇಲೆ ಹೊರಿಸುವುದಷ್ಟೇ ಉಳಿದಿತ್ತು.

1873ರ ಫೆಬ್ರವರಿ 11ರಂದು ಆಕ್ಸ್‌ಫರ್ಡ್ ಸ್ಟ್ರೀಟ್‌ಗೆ ಹೊಂದಿದ ಓಣಿಯೊಂದರ ಸಾರ್ವಜನಿಕ ಮೂತ್ರಾಲಯದಲ್ಲಿ ಪೊಲೀಸರು ಸಾಲೊಮನ್‌ನನ್ನೂ ಜೊತೆಯಲ್ಲಿದ್ದ ಜಾರ್ಜ್ ರಾಬರ್ಟ್ಸ್ ಎಂಬವನನ್ನೂ ಹಿಡಿದರು. ರಾಬರ್ಟ್ಸ್‌ಗೆ ಅರವತ್ತು ವರ್ಷ, ಕುದುರೆ ಲಾಯದ ಆಳು. ಗಂಡಸರ ನಡುವಿನ ಸಂಭೋಗಕ್ಕೆ ಇಂಗ್ಲೆಂಡಿನಲ್ಲಿ 1861ರವರೆಗೆ ಮರಣದಂಡನೆ ಕಾನೂನಿನಲ್ಲಿತ್ತು. ಆ ವರ್ಷ ಅದು ಹೋಗಿ ದೀರ್ಘ ಸೆರೆವಾಸ ಬಂತು, ಪ್ರಯತ್ನಕ್ಕೂ ಶಿಕ್ಷೆ ಇತ್ತು. ಬಂಧಿತರ ಮೇಲೆ ಹೊರಿಸಿದ್ದು ಪ್ರಯತ್ನದ ಆಪಾದನೆ. ಇದೇ ನೀತಿಯ ಅಚ್ಚಿನಲ್ಲಿ ತಯಾರಾದ 377ನೇ ಸೆಕ್ಷನ್ 1862ರಿಂದ ಭಾರತದಲ್ಲೂ ಜಾರಿಗೆ ಬಂದು, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅದರ ಹಲ್ಲು ಕೀಳುವವರೆಗೂ ನಮ್ಮವರ ತಲೆಯ ಮೇಲೆ ತೂಗಿತ್ತೆಂಬುದು ಕನ್ನಡದ ಓದುಗರಿಗೆ ಗೊತ್ತಿರುವ ವಿಷಯ. ಸಾಲೊಮನ್‌ನ ಕಥೆ ನಮಗೆ ತೀರ ಪರದೇಶದ್ದಲ್ಲ.

ತೀರ್ಪಿನಲ್ಲಿ ಇಬ್ಬರ ದಾರಿ ಬೇರೆಯಾಯಿತು. ರಾಬರ್ಟ್ಸ್ ಹದಿನೆಂಟು ತಿಂಗಳ ಕಠಿಣ ಸಜೆ ಅನುಭವಿಸಿದ. ಸಾಲೊಮನ್‌ನ ಶಿಕ್ಷೆಯನ್ನು, ಅನುಕೂಲವಂತ ಬಂಧುವೊಬ್ಬ ಮಧ್ಯೆ ಬಂದದ್ದರಿಂದ, ಪೊಲೀಸ್ ನಿಗಾಕ್ಕೆ ಇಳಿಸಲಾಯಿತು. ಈ ಪ್ರಕರಣದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ರಾಬರ್ಟ್ಸ್‌ನನ್ನು ಅರ್ಧ ವಾಕ್ಯದಲ್ಲಿ ದಾಟಿಹೋಗುತ್ತಾರೆ. ಒಂದೇ ಓಣಿ, ಒಂದೇ ಆಪಾದನೆ. ಕಲ್ಲು ಒಡೆಯುವ ಪಾಲು ಬಂದದ್ದು ಲಾಯದ ಮುದುಕನಿಗೆ. ಸಾಲೊಮನ್ ಬಗ್ಗೆ ನನಗೆಷ್ಟೇ ಕಕ್ಕುಲಾತಿ ಇದ್ದರೂ ಈ ಅನ್ಯಾಯವನ್ನು ಅದರ ಕೆಳಗೆ ಮುಚ್ಚಿಡಲಾರೆ. ಮರುವರ್ಷ ಪ್ಯಾರಿಸ್‌ನಲ್ಲಿ ಮತ್ತೆ ಸಿಕ್ಕಿಬಿದ್ದಾಗ ಬಂಧುಗಳ ಕೈ ಅಲ್ಲಿಗೆ ತಲುಪಲಿಲ್ಲ: ಮೂರು ತಿಂಗಳ ಜೈಲು, ಹದಿನಾರು ಫ್ರಾಂಕ್ ದಂಡ.

ಗೆಳೆಯರು ಒಬ್ಬೊಬ್ಬರಾಗಿ ಕೈತೊಳೆದುಕೊಂಡರು. ಎಲ್ಲರಿಗಿಂತ ಹೆಚ್ಚು ನೋಯಿಸುವುದು ಸ್ವಿನ್‌ಬರ್ನ್‌ನ ನಡತೆ. ಸಾಲೊಮನ್‌ನನ್ನು ಹುರಿದುಂಬಿಸಿದವನು, ಹೊಗಳಿ ಬರೆದವನು, ಪೋಲಿ ಪತ್ರಗಳನ್ನು ಬರೆದು ನಕ್ಕವನು ಅವನೇ. ಕಾಸಿಲ್ಲದ ಸಾಲೊಮನ್ ಆ ಪತ್ರಗಳನ್ನು ಮಾರತೊಡಗಿದ್ದಾನೆಂದು 1879ರಲ್ಲಿ ತಿಳಿದಾಗ, ಗಂಡಸರೂ ಹೆಂಗಸರೂ ಬಾಯಲ್ಲಿ ಹೇಳಬಾರದ ಜಂತು ಎಂಬರ್ಥದಲ್ಲಿ ಅವನನ್ನು ಹಳಿದು ಬರೆದ. ಪತ್ರ ಮಾರಿದ್ದು ಸರಿಯಲ್ಲ, ನಿಜ. ಆದರೆ ಆರು ವರ್ಷ ತಿರುಗಿಯೂ ನೋಡದ ಗೆಳೆಯನಿಗೆ ನಂಬಿಕೆದ್ರೋಹದ ಮಾತನಾಡುವ ಹಕ್ಕು ಎಷ್ಟು ಉಳಿದಿತ್ತು? ಬರ್ನ್-ಜೋನ್ಸ್ ಮಾತ್ರ ಮನಸ್ಸಿನಲ್ಲಿ ಮರುಕ ಉಳಿಸಿಕೊಂಡಿದ್ದ.

ರೆಬೆಕಾಳ ಮೇಲೆ ಬಿದ್ದ ಪೆಟ್ಟನ್ನು ಯಾರೂ ಅಳೆದಿಲ್ಲ. ಅವಳು ತಮ್ಮನ ನೆರಳಲ್ಲಿ ಬೆಳೆದವಳಲ್ಲ, ತಾನೇ ದುಡಿದು ಹೆಸರು ಮಾಡಿದವಳು. ಅಕಾಡೆಮಿಯ ಶಾಲೆಯ ಬಾಗಿಲನ್ನು ಹೆಂಗಸರಿಗೂ ತೆರೆಯಿರಿ ಎಂದು 1859ರಲ್ಲಿ ಮನವಿ ಸಲ್ಲಿಸಿದ 38 ಮಹಿಳಾ ಕಲಾವಿದರಲ್ಲಿ ಒಬ್ಬಳು. ಏಬ್ರಹಾಂ 1862ರಲ್ಲೇ ತೀರಿಕೊಂಡಿದ್ದ. ಆಮೇಲೆ ಸಿಮಿಯನ್‌ಗೆ ಆಸರೆಯಾಗಿದ್ದವಳು ಈ ಅಕ್ಕನೇ. 1870ರ ದಶಕದ ನಡುವಿನಿಂದ ಅವಳ ಹೆಸರೂ ಪ್ರದರ್ಶನಗಳಿಂದ ಮರೆಯಾಗುತ್ತದೆ. 1886ರಲ್ಲಿ ಯೂಸ್ಟನ್ ರಸ್ತೆಯಲ್ಲಿ ಕುದುರೆ ಗಾಡಿಗೆ ಸಿಕ್ಕಿ ಸತ್ತಳು.

ಸಿಮಿಯನ್ 1880ರ ದಶಕದ ನಡುವಿನಿಂದ ಆಗಾಗ ಸೇಂಟ್ ಜೈಲ್ಸ್ ವರ್ಕ್‌ಹೌಸ್ ಸೇರತೊಡಗಿದ. ವರ್ಕ್‌ಹೌಸ್ ಎಂದರೆ ದಿಕ್ಕಿಲ್ಲದವರಿಗೆ ಊಟ ಹಾಕಿ ಕೆಲಸ ಮಾಡಿಸುತ್ತಿದ್ದ ಸರ್ಕಾರಿ ಬಡವರ ಮನೆ; ಅಲ್ಲಿಗೆ ಹೋಗುವುದೆಂದರೆ ಮಾನ ಹೋದ ಹಾಗೆ ಎಂದು ಬಡವರೇ ಹೆದರುತ್ತಿದ್ದ ಜಾಗ. ಬಂಧುಗಳು ಕೊಟ್ಟ ಬಟ್ಟೆಬರೆ ಹೆಂಡಕ್ಕೆ ಹೋಗುತ್ತಿತ್ತು. ಅವನು ಬೀದಿಯಲ್ಲಿ ಬೆಂಕಿಪೊಟ್ಟಣ, ಬೂಟಿನ ದಾರ ಮಾರಿದ, ಪಾದಚಾರಿ ಮಾರ್ಗದ ಮೇಲೆ ಚಿತ್ರ ಬರೆದು ಕಾಸು ಕೂಡಿಸಿದ ಎಂಬ ಕಥೆಗಳಿವೆ. ವರ್ಕ್‌ಹೌಸ್ ಬಿಟ್ಟು ಬಾ ಎಂದವರಿಗೆ, ಇಲ್ಲೇ ಚೆನ್ನಾಗಿದೆ, ಊರಿನ ನಟ್ಟನಡುವೆ ಇದೆ ಎಂದನಂತೆ. ಈ ಮಾತನ್ನು ಉದ್ಧರಿಸುವವರು ಅವನ ಉಡಾಫೆಗೆ ಸಾಕ್ಷಿಯಾಗಿ ಉದ್ಧರಿಸುತ್ತಾರೆ. ನನಗೆ ಹಾಗೆ ಕೇಳಿಸುವುದಿಲ್ಲ. ತನ್ನನ್ನು ತಿದ್ದಲು ಬಂದವರ ಮುಂದೆ ಕೈಕಟ್ಟಿ ನಿಲ್ಲಲು ಒಪ್ಪದವನ ಮಾತು ಅದು.

ಹಾಗಾದರೆ ಕೆಲಸ? ಇಲ್ಲಿಯೇ ಹಳೆಯ ಕಥೆ ಎಡವುವುದು. 1870ರ, ಅಂದರೆ ಬಂಧನಕ್ಕೆ ಮೂರು ವರ್ಷ ಮೊದಲಿನ, ಒಂದು ಜಲವರ್ಣವಿದೆ, ‘ನಿದ್ರಿಸುವವರು ಮತ್ತು ಎಚ್ಚರವಿರುವವನು’. ಮೂರು ತಲೆಗಳು ಒತ್ತೊತ್ತಾಗಿ ಒರಗಿಕೊಂಡಿವೆ. ಎರಡರ ಕಣ್ಣು ಮುಚ್ಚಿದೆ, ಒಂದರದು ತೆರೆದಿದೆ. ಗಂಡೋ ಹೆಣ್ಣೋ ಹೇಳಲಾಗದು. ಇನ್ನು 1888ಕ್ಕೆ ಬನ್ನಿ: ‘ರಾತ್ರಿ ಮತ್ತು ನಿದ್ರೆ’, ಬರ್ಮಿಂಗ್‌ಹ್ಯಾಂ ಸಂಗ್ರಹದಲ್ಲಿರುವ ಚಾಕ್ ಚಿತ್ರ. ಮತ್ತೆ ಒಂದಕ್ಕೊಂದು ತಾಗಿದ ಮುಖಗಳು. 1894ರ ‘ಚಂದ್ರ ಮತ್ತು ನಿದ್ರೆ’, ಟೇಟ್‌ನಲ್ಲಿರುವ ತೈಲವರ್ಣ: ಮತ್ತೆ ಅದೇ ಜೋಡಿ, ನಿದ್ದೆಹೋದ ಮುಖದ ಹತ್ತಿರಕ್ಕೆ ಬಂದ ಇನ್ನೊಂದು ಮುಖ. ಈ ಮೂರನ್ನೂ ಸಾಲಾಗಿಟ್ಟು ನೋಡಿದವರಿಗೆ 1873ರಲ್ಲಿ ಏನೋ ಮುರಿದುಬಿದ್ದದ್ದು ಕಾಣುವುದಿಲ್ಲ, ಒಂದೇ ವಸ್ತುವನ್ನು ಕಾಲು ಶತಮಾನ ಬಿಡದೆ ಬೆನ್ನುಹತ್ತಿದವನು ಕಾಣುತ್ತಾನೆ. ಬದಲಾದದ್ದು ಸುತ್ತಣ ಸಾಮಗ್ರಿ. ತೋಟ, ಬೆಂಚು, ಜಿಂಕೆಮರಿ, ರೇಷ್ಮೆಯ ಮಡಿಕೆ ಎಲ್ಲ ಉದುರಿಹೋಗಿ ಮುಖಗಳಷ್ಟೇ ಉಳಿದಿವೆ. ರೂಪದರ್ಶಿಗೆ ಕೊಡಲು ದುಡ್ಡಿಲ್ಲ, ಬಣ್ಣ ದುಬಾರಿ, ಚಿತ್ರಶಾಲೆ ಇಲ್ಲ. ಕೈಗೆ ಎಟುಕಿದ್ದು ಕಾಗದ, ಪೆನ್ಸಿಲ್, ಕೆಂಪು ನೀಲಿ ಚಾಕ್. ಬಡತನ ಅವನ ಶೈಲಿಯನ್ನು ಕಡೆದು ಸಣ್ಣದು ಮಾಡಿತು, ಒಮ್ಮೊಮ್ಮೆ ಹರಿತವನ್ನೂ ಮಾಡಿತು.

ಎಲ್ಲವೂ ಚೆನ್ನಾಗಿವೆ ಎಂದರೆ ಸುಳ್ಳಾಗುತ್ತದೆ. ಹೊಟ್ಟೆಪಾಡಿಗೆ ಬೇಗಬೇಗ ಬಿಡಿಸಿ ಮಾರಿದ ಹಾಳೆಗಳು ಬಹಳ. ಗಲ್ಲ ಭಾರವಾಗಿ, ತುಟಿ ಒಂದೇ ಅಚ್ಚಿನದಾಗಿ, ರೇಖೆ ನಡುಗಿದ ಕೆಲಸಗಳಿವೆ. ಕುಡಿತ ಕೈಯಲ್ಲಿ ಕಾಣುತ್ತದೆ. ಆದರೆ ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳನ್ನೋ ಹಿಂಸೆಗೊಂಡ ಅಂತಃಸಾಕ್ಷಿಯನ್ನೋ ಬರೆದ 1880-90ರ ಕೆಲವು ತಲೆಗಳಿವೆ, ಹಾವುಗಳ ನಡುವೆ ಬಾಯಿ ಅರೆತೆರೆದ ಮುಖಗಳು. ಯೌವನದ ಸೊಗಸಿನ ಸಾಲೊಮನ್‌ಗೆ ಅವನ್ನು ಬರೆಯಲು ಸಾಧ್ಯವಿರಲಿಲ್ಲ. ಹಾಳೆಯ ಮೂಲೆಯಲ್ಲಿ ಎರಡು ‘ಎಸ್’ ಅಕ್ಷರಗಳನ್ನು ಹೆಣೆದು ಇಸವಿ ನಮೂದಿಸುವ ಅಭ್ಯಾಸವನ್ನು ಅವನು ಆ ದಿನಗಳಲ್ಲೂ ಇಟ್ಟುಕೊಂಡಿದ್ದ. ಬಿಟ್ಟುಕೊಟ್ಟವನು ಇಸವಿ ಬರೆಯುವುದಿಲ್ಲ.

ಕೊಳ್ಳುವವರೂ ಇದ್ದರು. ಫ್ರೆಡರಿಕ್ ಹಾಲ್ಯರ್ ಎಂಬ ಛಾಯಾಗ್ರಾಹಕ ಸಾಲೊಮನ್ ಚಿತ್ರಗಳ ಪ್ಲಾಟಿನಂ ಪ್ರತಿಗಳನ್ನು ತೆಗೆದು ಮಾರುತ್ತಿದ್ದ. ಬೂದು ಬಣ್ಣದ ಆ ಮೃದು ಪ್ರತಿಗಳು ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಕೋಣೆಗಳ ಗೋಡೆ ಏರಿದವು. ಲೇಖಕ ಆಸ್ಕರ್ ವೈಲ್ಡ್ ಬಳಿ ಮೂಲ ಚಿತ್ರಗಳೇ ಇದ್ದವು. 1895ರಲ್ಲಿ, ಸಾಲೊಮನ್‌ನಂಥದೇ ಆಪಾದನೆಗೆ ಸಿಕ್ಕಿ ಅವನ ಮನೆಯ ಸಾಮಾನು ಹರಾಜಾದಾಗ, ಅವೂ ಹೋದವು. ಜೈಲಿನಿಂದ ಬರೆದ ದೀರ್ಘ ಪತ್ರದಲ್ಲಿ ಕಳೆದುಕೊಂಡ ಪ್ರೀತಿಯ ವಸ್ತುಗಳನ್ನು ಪಟ್ಟಿ ಮಾಡುವಾಗ ವೈಲ್ಡ್ ಸಾಲೊಮನ್ ಚಿತ್ರಗಳನ್ನು ಹೆಸರಿಸಿಯೇ ನೆನೆಯುತ್ತಾನೆ. ಅಂದರೆ ಸಾಲೊಮನ್ ಎಂಬವನು ಬದುಕಿದ್ದಾನೋ ಸತ್ತಿದ್ದಾನೋ ಎಂದು ವಿಚಾರಿಸದ ತಲೆಮಾರೊಂದು ಅವನ ಚಿತ್ರಗಳ ಕೆಳಗೆ ಕೂತು ಓದುತ್ತಿತ್ತು, ಬರೆಯುತ್ತಿತ್ತು. ಅದೇ ಹೊತ್ತಿಗೆ ಅವನು ಕೆಲವು ಮೈಲಿ ದೂರದಲ್ಲಿ ವರ್ಕ್‌ಹೌಸ್‌ನ ಗಂಜಿಗೆ ಸಾಲು ನಿಂತಿದ್ದ. ಪ್ರತಿಗಳು ಮಾರಾಟವಾಗುತ್ತಲೇ ಇದ್ದವು, ಅವನ ಬಡತನ ಮಾತ್ರ ಹಾಗೆಯೇ ಇತ್ತು. ಕಲಾವಿದನ ಹಕ್ಕುಗಳ ಬಗ್ಗೆ ಮಾತಾಡುವವರು ಈ ಪ್ರಕರಣವನ್ನು ಎತ್ತಿಕೊಂಡದ್ದು ನಾನು ಕಂಡಿಲ್ಲ, ಎತ್ತಿಕೊಳ್ಳಬೇಕು.

1905ರಲ್ಲಿ ಹೈ ಹೋಬರ್ನ್ ಬಳಿಯ ಬೀದಿಯಲ್ಲಿ ಕುಸಿದುಬಿದ್ದು ಸಿಕ್ಕಿದ ಅವನನ್ನು ಆಸ್ಪತ್ರೆಗೆ, ಅಲ್ಲಿಂದ ಮತ್ತೆ ಸೇಂಟ್ ಜೈಲ್ಸ್‌ಗೆ ಸೇರಿಸಿದರು. ಆಗಸ್ಟ್ 14ರಂದು ವರ್ಕ್‌ಹೌಸ್‌ನ ಊಟದ ಮನೆಯಲ್ಲಿ ಹೃದಯ ನಿಂತು ತೀರಿಕೊಂಡ. ವಿಲ್ಸ್‌ಡನ್‌ನ ಯಹೂದಿ ಸ್ಮಶಾನದಲ್ಲಿ ಮಣ್ಣು ಮಾಡಿದರು. ಕೆಲವೇ ತಿಂಗಳಲ್ಲಿ ಲಂಡನ್‌ನ ಬೇಲಿ ಎಂಬ ಗ್ಯಾಲರಿ ಅವನ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. 1906ರ ಚಳಿಗಾಲದ ಪ್ರದರ್ಶನದಲ್ಲಿ ರಾಯಲ್ ಅಕಾಡೆಮಿಯೂ ಅವನ ಕೆಲಸಗಳನ್ನು ತೂಗುಹಾಕಿತು. ಸತ್ತವನಿಂದ ಯಾರಿಗೂ ಮುಜುಗರವಿಲ್ಲವಲ್ಲ.

ಅದಾದಮೇಲೆ ಮತ್ತೆ ದೀರ್ಘ ಮೌನ. 1985ರಲ್ಲಿ ಲಂಡನ್‌ನ ಜೆಫ್ರಿ ಮ್ಯೂಸಿಯಂ ಮೂವರು ಒಡಹುಟ್ಟಿದವರನ್ನೂ ಒಟ್ಟಿಗೆ ತೋರಿಸಿತು. 2005ರಲ್ಲಿ ಬರ್ಮಿಂಗ್‌ಹ್ಯಾಂ ಸಂಗ್ರಹಾಲಯ ಸಿಮಿಯನ್‌ಗೆ ದೊಡ್ಡ ಪ್ರದರ್ಶನವನ್ನು ಮೀಸಲಿಟ್ಟಿತು, ಅದು ಮ್ಯೂನಿಕ್‌ಗೂ ಹೋಯಿತು. 2014ರಲ್ಲಿ ಸಮಾಧಿಗೆ ಹೊಸ ಕಲ್ಲು ಬಂತು. 2017ರಲ್ಲಿ ಟೇಟ್ ಸಲಿಂಗ ಪ್ರೇಮದ ಬ್ರಿಟಿಷ್ ಕಲೆಯ ಪ್ರದರ್ಶನ ನಡೆಸಿದಾಗ ಸ್ಯಾಫೊ ಚಿತ್ರ ಅಲ್ಲಿತ್ತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೂ ಪುಸ್ತಕಗಳಲ್ಲಿ, ಗೋಡೆಗಳ ಮೇಲೆ ಹೆಚ್ಚಾಗಿ ಕಾಣುವುದು 1873ರ ಹಿಂದಿನ ಸಾಲೊಮನ್. ವರ್ಕ್‌ಹೌಸ್ ಕಾಲದ ಚಾಕ್ ಚಿತ್ರಗಳು ಖಾಸಗಿ ಸಂಗ್ರಹಗಳಲ್ಲಿ, ಹರಾಜು ಮನೆಗಳಲ್ಲಿ ಚದುರಿಹೋಗಿವೆ. ‘ನಿದ್ರಿಸುವವರು’ ಚಿತ್ರವನ್ನು ‘ಚಂದ್ರ ಮತ್ತು ನಿದ್ರೆ’ಯ ಪಕ್ಕದಲ್ಲೇ ತೂಗುಹಾಕಿ, ನಡುವೆ ಆ ಚದುರಿದ ಹಾಳೆಗಳಲ್ಲಿ ಸಿಕ್ಕಷ್ಟನ್ನು ಇಸವಿಯ ಪ್ರಕಾರ ಜೋಡಿಸುವ ಒಂದು ಕೋಣೆ ಯಾವುದಾದರೂ ಸಂಗ್ರಹಾಲಯದಲ್ಲಿ ಆಗಬೇಕು. ಈ ಬರಹ ಓದಿ ಅವನ ಚಿತ್ರಗಳನ್ನು ಅಂತರ್ಜಾಲದಲ್ಲಿ ಹುಡುಕುವವರಿಗೆ ನನ್ನ ಸಲಹೆ ಇಷ್ಟು: ಮೊದಲು 1870ರ ಆ ಮೂರು ತಲೆಗಳನ್ನು ತೆರೆಯಿರಿ, ನಂತರ ನೇರವಾಗಿ 1890ರ ದಶಕದ ಚಿತ್ರಗಳಿಗೆ ಹೋಗಿ.